ಕೈಲಾಸಂ ಮತ್ತು ನಡುಮನೆಯ ರಂಗ

ಮಾನ್ಯ ಸಂಪಾದಕರೇ,

ಕಂಪನಿ ನಾಟಕಗಳ ಪೌರಾಣಿಕ ವೈಭವ, ಹಾರ್ಮೋನಿಯಂ ಹಾಗೂ ಕಂದಪದ್ಯಗಳ ಕಾಲದಲ್ಲಿ ಮಧ್ಯಮವರ್ಗದ ನಡುಮನೆಯನ್ನೇ ರಂಗಕ್ಕೆ ತಂದವರು ಟಿ.ಪಿ. ಕೈಲಾಸಂ (1884–1946). ಲಂಡನ್ನಿನಲ್ಲಿ ಭೂವಿಜ್ಞಾನ ಓದಿ, ಸರ್ಕಾರಿ ನೌಕರಿಯನ್ನೂ ಬಿಟ್ಟುಬಂದ ಈ ನ್ಯಾಯಾಧೀಶರ ಮಗನ ಮನೆಮಾತು ತಮಿಳು. ಕಿವಿ ಮಾತ್ರ ಅಪ್ಪಟ ಬೆಂಗಳೂರಿನದು. ಅವರ ‘ಟೊಳ್ಳುಗಟ್ಟಿ’ ನಾಟಕದಲ್ಲಿ ಪರೀಕ್ಷೆ ಗೆಲ್ಲುವ ಪುಟ್ಟು ಟೊಳ್ಳಾಗಿ, ಓದಿನಲ್ಲಿ ಹಿಂದುಳಿದ ಮಾಧುವೇ ಗಟ್ಟಿಯಾಗಿ ಉಳಿಯುವುದನ್ನು ಕಂಡಾಗ, ಅಂಕಪಟ್ಟಿಗಳ ನಮ್ಮ ಹುಚ್ಚು ಎಷ್ಟು ಹಳೆಯದೆಂದು ತಿಳಿಯುತ್ತದೆ. ಅವರನ್ನು ಬರಿಯ ‘ಪ್ರಹಸನ ಪಿತಾಮಹ’ ಎಂದು ಕರೆದು ನಕ್ಕು ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಕರ್ಣ, ಏಕಲವ್ಯರನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗಂಭೀರ ನಾಟಕಗಳನ್ನು ಹವ್ಯಾಸಿ ತಂಡಗಳು ಕನ್ನಡದಲ್ಲಿ ಹೆಚ್ಚಾಗಿ ಆಡಬೇಕು.

– ಒಬ್ಬ ಓದುಗ, ಮೈಸೂರು