ಊಟದ ಪಕ್ಕದ ಚೊಂಬು

ಮದ್ದೂರು
ಮಂಗಳವಾರ

ಚಿರಂಜೀವಿ ಅಭಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಭಾನುವಾರ ನಿಮ್ಮ ಮನೆಯಿಂದ ಹೊರಟು ರಾತ್ರಿ ಎಂಟಕ್ಕೆಲ್ಲ ಊರು ಸೇರಿದೆ. ತೂಕ ಇಳಿಸುವ ಆಪರೇಷನ್ ಆದ ನೀನು ಊಟದ ನಡುವೆ ನೀರು ಕುಡಿಯುವ ವಿಷಯ ಅವತ್ತು ಎಲ್ಲರೆದುರು ಹೇಳಿದರೆ ನಿನಗೆ ಮುಜುಗರವಾದೀತು ಅಂತ ಸುಮ್ಮನಿದ್ದೆ. ಫೋನಿನಲ್ಲಿ ಹೇಳೋಣವೆಂದರೆ ಆಫೀಸಿನ ಗಡಿಬಿಡಿಯಲ್ಲಿ ‘ಹೂಂ ಅತ್ತೆ, ಹೂಂ ಅತ್ತೆ’ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಸಾವಕಾಶವಾಗಿ ಓದು.

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತಿಗೆ, ಅಂದರೆ ನಿನ್ನಮ್ಮ, ವಾಡಿಕೆಯಂತೆ ನಿನ್ನ ತಟ್ಟೆಯ ಪಕ್ಕಕ್ಕೆ ನೀರಿನ ಚೊಂಬು ಇಟ್ಟರು. ನೀನು ಎರಡು ತುತ್ತಿಗೊಮ್ಮೆ ನೀರು ಕುಡಿಯುತ್ತಿದ್ದೆ. ನಾನು ನೋಡುತ್ತಿರುವುದು ಗೊತ್ತಾಗಿ ನೀನೇ ಅಂದೆ: “ಈಗ ಏನೂ ಆಗಲ್ಲ ಅತ್ತೆ, ಮೊದಲ ತಿಂಗಳು ನೋವು ಬರ್ತಿತ್ತು, ಈಗ ನೀರು ಕುಡಿದ್ರೆ ಊಟ ಸಲೀಸಾಗಿ ಇಳಿಯುತ್ತೆ.” ಅದಾಗಿ ಒಂದೂವರೆ ಗಂಟೆ ಕಳೆದಿರಲಿಲ್ಲ, ನೀನು ಅಡುಗೆಮನೆಯಲ್ಲಿ ಚಕ್ಕುಲಿ ಡಬ್ಬ ತೆಗೆಯುತ್ತಿದ್ದೆ. ನಾನು ಬಂದದ್ದು ಕಂಡು ತಲೆ ತಗ್ಗಿಸಿದೆ. ತಲೆ ತಗ್ಗಿಸಬೇಡ ಮಗು. ಆ ಹಸಿವು ಬಾಯಿಚಪಲವಲ್ಲ. ನೀನು ಉಂಡದ್ದು ಹೊಟ್ಟೆಯಲ್ಲಿ ನಿಂತೇ ಇರಲಿಲ್ಲ, ಅಷ್ಟೆ. ಸಲೀಸಾಗಿ ಇಳಿಯುವುದೇ ನನಗೆ ಭಯ ಹುಟ್ಟಿಸಿದ್ದು.

ನಿನ್ನ ಹೊಟ್ಟೆಯೊಳಗೆ ಈಗ ಇರುವುದನ್ನು ಒಮ್ಮೆ ನೆನಪಿಸಿಕೋ. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗದಷ್ಟು ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆಯನ್ನು ಉಳಿಸುತ್ತಾರೆ. ಮೊದಲ ತಿಂಗಳುಗಳಲ್ಲಿ ಅದು ಹಿಡಿಯುವುದು ಸುಮಾರು 100ರಿಂದ 150 ಮಿಲಿಲೀಟರ್, ಅಂದರೆ ನೀನು ಬೆಳಿಗ್ಗೆ ಕಾಫಿ ಕುಡಿಯುವ ಸಣ್ಣ ಲೋಟದಷ್ಟು. ಅತ್ತಿಗೆ ಇಟ್ಟ ಚೊಂಬಿನಲ್ಲಿ ಅದರ ನಾಲ್ಕರಷ್ಟು ನೀರಿತ್ತು. ಬಲೂನಿನಂತೆ ಹಿಗ್ಗಿ ಜಾಗ ಕೊಡುತ್ತಿದ್ದ ಮೇಲಿನ ಭಾಗವನ್ನೇ ತೆಗೆದುಹಾಕಿದ್ದಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನ್ ಹೆಚ್ಚಾಗಿ ತಯಾರಾಗುತ್ತಿದ್ದುದೂ ಅಲ್ಲೇ. ನನ್ನದು ಬೈಪಾಸ್, ಜಠರದ ಮೇಲ್ತುದಿಯಲ್ಲಿ ಒಂದು ಚೀಲ ಮಾಡಿ ಅದನ್ನು ನೇರ ಸಣ್ಣಕರುಳಿಗೆ ಜೋಡಿಸುವ ಆಪರೇಷನ್. ನನ್ನ ಚೀಲ ಇನ್ನೂ ಪುಟ್ಟದು, ಶುರುವಿನಲ್ಲಿ 30 ಮಿಲಿಲೀಟರ್ ಸುಮಾರಿಗೆ, ಎರಡು ದೊಡ್ಡ ಚಮಚ.

ಇಂಥ ಜಾಗಕ್ಕೆ ಊಟವನ್ನೂ ನೀರನ್ನೂ ಒಟ್ಟಿಗೆ ಕಳಿಸಿದರೆ ಎರಡರಲ್ಲಿ ಒಂದಾಗುತ್ತದೆ. ಆಪರೇಷನ್ ಆದ ಹೊಸದರಲ್ಲಿ ಎದೆಗೂಡಿನ ಕೆಳಗೆ ಒತ್ತಿದಂತಾಗಿ, ನೊರೆ ನೊರೆಯಾಗಿ ವಾಂತಿ. ಇದು ನಿನಗೂ ಆಗಿದೆ. ಗಾಯ ಮಾಗಿ ಊತ ಇಳಿದ ಮೇಲೆ ಇನ್ನೊಂದು ಶುರುವಾಗುತ್ತದೆ: ನೀರು ಬೆರೆತ ಅನ್ನ ಗಂಜಿಯಂತಾಗಿ ಬೇಗ ಕೆಳಗೆ ಹರಿದುಹೋಗುತ್ತದೆ, ಹೊಟ್ಟೆ ಖಾಲಿಯಾಗುತ್ತದೆ, ಮತ್ತೆ ಹಸಿವು. ಮೊದಲನೆಯದು ನೋಯುತ್ತದೆ, ಅದಕ್ಕೆ ಹೆದರಿ ಹುಷಾರಾಗಿರುತ್ತೇವೆ. ಎರಡನೆಯದು ನೋಯುವುದಿಲ್ಲ. ಅದರಿಂದಲೇ ನಾನು ಮೋಸಹೋದದ್ದು.

ನಾನು ಆಪರೇಷನ್ ಮಾಡಿಸಿಕೊಂಡದ್ದು 2015ರಲ್ಲಿ. ಆಗ 112 ಕಿಲೋ ಇದ್ದೆ, ಹನ್ನೊಂದು ವರ್ಷದ ಸಕ್ಕರೆ ಕಾಯಿಲೆ ಬೇರೆ. ಒಂದೂವರೆ ವರ್ಷದಲ್ಲಿ 76ಕ್ಕೆ ಇಳಿದೆ. ಡಯಟೀಷಿಯನ್ ಬರೆದುಕೊಟ್ಟಿದ್ದ ಚೀಟಿಯಲ್ಲಿ ‘ಊಟಕ್ಕೆ ಅರ್ಧ ಗಂಟೆ ಮುಂಚೆ ನೀರು ನಿಲ್ಲಿಸಿ, ಊಟವಾಗಿ ಅರ್ಧ ಗಂಟೆ ಕುಡಿಯಬೇಡಿ’ ಅಂತ ಇತ್ತು. ಮೂರು ತಿಂಗಳು ಗಡಿಯಾರ ನೋಡಿಕೊಂಡು ಪಾಲಿಸಿದೆ. ಅದು ಗಾಯ ಮಾಗುವವರೆಗಿನ ಪಥ್ಯ ಅಂದುಕೊಂಡಿದ್ದೆನೇ ಹೊರತು, ಬದುಕಿರುವವರೆಗೆ ಅಂತ ತಿಳಿದಿರಲಿಲ್ಲ. ಆಮೇಲೆ ಅನ್ನಕ್ಕೆ ತಿಳಿಸಾರು ಸುರಿದು ಕಲೆಸಿ ಉಣ್ಣುವುದು, ಕೊನೆಗೆ ಒಂದು ಲೋಟ ಮಜ್ಜಿಗೆ ಎಲ್ಲ ವಾಪಸ್ ಬಂತು. ಎರಡು ಗಂಟೆಗೊಮ್ಮೆ ಏನಾದರೂ ಬೇಕೆನಿಸುತ್ತಿತ್ತು. ಮೂರನೇ ವರ್ಷ ಏಳು ಕಿಲೋ ಏರಿದೆ. ಚೀಲ ಹಿಗ್ಗಿಹೋಯಿತು, ಆಪರೇಷನ್ ಕೆಟ್ಟಿತು ಅಂತ ಅತ್ತುಬಿಟ್ಟೆ. ಪರೀಕ್ಷೆ ಮಾಡಿದ ಡಾಕ್ಟರು ಚೀಲ ಸರಿಯಾಗಿಯೇ ಇದೆ ಅಂದರು. ಊಟದ ಹೊತ್ತಿನಲ್ಲಿ ಏನೇನು ಕುಡಿಯುತ್ತೀರಿ ಅಂತ ಒಂದೊಂದಾಗಿ ಕೇಳಿದರು. ಹೇಳುತ್ತ ಹೇಳುತ್ತ ನನಗೇ ಅರ್ಥವಾಯಿತು.

ಗೃಹಪ್ರವೇಶವೊಂದರಲ್ಲಿ ಆದದ್ದನ್ನೂ ಹೇಳಬೇಕು. ಆಪರೇಷನ್ ಆಗಿ ಏಳನೇ ತಿಂಗಳು. ಬಲವಂತಕ್ಕೆ ಅರ್ಧ ಹೋಳಿಗೆ ತಿಂದು, ಅದು ಇಳಿಯಲೆಂದು ಒಂದು ಲೋಟ ಪಾನಕ ಕುಡಿದೆ. ಹದಿನೈದು ನಿಮಿಷದೊಳಗೆ ಮೈಯೆಲ್ಲ ಬೆವರಿ, ಎದೆ ಡವಡವ ಬಡಿದುಕೊಂಡು, ಕಣ್ಣು ಕತ್ತಲೆ ಬಂತು. ಹೊಸಮನೆಯ ಕೋಣೆಯೊಂದರಲ್ಲಿ ಮಲಗಿಸಿದರು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಬೈಪಾಸ್ ಆದವರಿಗೆ ಜಠರದ ಕೆಳಬಾಗಿಲು ದಾರಿಯಲ್ಲಿ ಸಿಗುವುದಿಲ್ಲ. ಸಿಹಿ, ಅದರಲ್ಲೂ ನೀರಾದ ಸಿಹಿ, ನೇರ ಸಣ್ಣಕರುಳಿಗೆ ಸುರಿಯುತ್ತದೆ. ಅದನ್ನು ತೆಳುಮಾಡಲು ರಕ್ತದಿಂದ ನೀರು ಕರುಳಿಗೆ ಸೇರುತ್ತದೆ, ಮೈ ಕಂಗಾಲಾಗುತ್ತದೆ. ಸ್ಲೀವ್‌ನಲ್ಲಿ ಆ ಕೆಳಬಾಗಿಲು ಉಳಿದಿರುವುದರಿಂದ ನಿನಗೆ ಇದರ ಕಾಟ ಕಡಿಮೆ. ಹಾಗಂತ ಇಲ್ಲವೇ ಇಲ್ಲ ಅಂದುಕೊಳ್ಳಬೇಡ. ಬರುವ ಯುಗಾದಿಯ ಒಬ್ಬಟ್ಟಿನ ಹೊತ್ತಿಗೆ ಇದು ನೆನಪಿರಲಿ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಊಟದ ನಡುವೆ ನೀರು ಯಾಕೆ ಬೇಕೆನಿಸುತ್ತದೆ? ನೀನು ನಾನು ಇಬ್ಬರೂ ಮುದ್ದೆಯ ಮನೆಯಲ್ಲಿ ಬೆಳೆದವರು. ‘ಮುದ್ದೆ ನುಂಗಬೇಕು, ಅಗಿಯಬಾರದು’ ಅಂತ ನಿನ್ನ ತಾತ ನಮಗೆ ಕಲಿಸಿದರು, ನಿನ್ನಪ್ಪ ನಿನಗೆ ಕಲಿಸಿದ. ಬೆರಳಲ್ಲಿ ಮುರಿದು, ಬಸ್ಸಾರಲ್ಲಿ ಅದ್ದಿ, ಗುಳುಂ ಅಂತ ಒಳಗೆ. ಮುದ್ದೆಗೆ ಕಲಿತದ್ದನ್ನು ನಾವು ಇಡ್ಲಿಗೂ ಚಪಾತಿಗೂ ಕೋಳಿ ತುಂಡಿಗೂ ಮಾಡುತ್ತೇವೆ. ಅಗಿಯದ ತುತ್ತು ಈ ಕೊಳವೆಯ ಬಾಯಲ್ಲಿ ಸಿಕ್ಕಿಕೊಂಡಾಗ ಕೈ ತಾನಾಗಿ ಚೊಂಬಿಗೆ ಹೋಗುತ್ತದೆ. ಆಗ ನೀರು ಕುಡಿದರೆ ಅದು ಸಿಕ್ಕಿಕೊಂಡದ್ದರ ಮೇಲೆ ನಿಂತು ಇನ್ನಷ್ಟು ಒತ್ತುತ್ತದೆ. ಹಾಗಾದಾಗ ಊಟ ನಿಲ್ಲಿಸು, ಎದ್ದು ನಿಧಾನವಾಗಿ ಓಡಾಡು. ಭಾನುವಾರ ನಿನ್ನ ತುತ್ತು ಎಣಿಸಿದೆ, ಬೇಸರ ಮಾಡಿಕೊಳ್ಳಬೇಡ. ಆರೇಳು ಸಲ ಅಗಿದು ನುಂಗುತ್ತಿದ್ದೀಯ. ಇಪ್ಪತ್ತು ಇಪ್ಪತ್ತೈದು ಸಲ ಅಗಿ, ಬಾಯಲ್ಲೇ ನುಣ್ಣಗಾಗಲಿ. ತುತ್ತು ಇಳಿಸಲು ನೀರು ಬೇಡವೇ ಬೇಡ ಅನಿಸುತ್ತದೆ. ನಾನು ಮುದ್ದೆಯನ್ನು ವರ್ಷ ಪೂರ್ತಿ ಬಿಟ್ಟಿದ್ದೆ. ಈಗ ನಿಂಬೆಹಣ್ಣಿನಷ್ಟು ತೆಗೆದುಕೊಂಡು ಅಗಿದೇ ತಿನ್ನುತ್ತೇನೆ. ಮೊದಮೊದಲು ಹಲ್ಲಿಗೆ ಅಂಟುತ್ತಿತ್ತು, ಅಪ್ಪ ನೆನಪಾಗಿ ಕಣ್ಣು ತುಂಬುತ್ತಿತ್ತು.

ಇನ್ನೊಂದು ಕಾರಣ, ಬಾಯಾರಿಕೊಂಡೇ ತಟ್ಟೆ ಮುಂದೆ ಕೂರುವುದು. ಬೆಳಿಗ್ಗೆಯಿಂದ ಮೀಟಿಂಗು ಮೀಟಿಂಗು ಅಂತ ಗಂಟಲೊಣಗಿಸಿಕೊಂಡು ಒಂದು ಗಂಟೆಗೆ ಊಟಕ್ಕೆ ಬಂದರೆ ನೀರು ಬೇಕೇ ಬೇಕಾಗುತ್ತದೆ. ಹನ್ನೆರಡೂವರೆಯೊಳಗೆ ಕುಡಿದು ಮುಗಿಸಿರು. ಮುಂಚೆ ಎಷ್ಟು ಹೊತ್ತು ನಿಲ್ಲಿಸಬೇಕು ಅನ್ನುವುದರಲ್ಲಿ ಡಾಕ್ಟರುಗಳು ಒಂದೇ ಮಾತು ಹೇಳುವುದಿಲ್ಲ. ಕೆಲವರು 15 ನಿಮಿಷ ಅನ್ನುತ್ತಾರೆ, ಕೆಲವರು 30. ನಿನ್ನವರು ಹೇಳಿದ್ದನ್ನು ಪಾಲಿಸು. ಊಟವಾದ ಮೇಲಿನ ಅರ್ಧ ಗಂಟೆಯಲ್ಲಿ ಮಾತ್ರ ರಾಜಿ ಬೇಡ ಅಂತ ನನ್ನ ಅನುಭವ. ಗಂಟಲು ತೇವಕ್ಕೆ ಒಂದು ಗುಟುಕು ಕುಡಿದರೆ ಅನಾಹುತವಾಗುವುದಿಲ್ಲ, ಗಾಬರಿಯಾಗಬೇಡ. ಒಂದು ಗುಟುಕು ಒಂದು ಲೋಟವಾಗುವುದನ್ನು ತಡೆದರೆ ಸಾಕು.

ಸಾರಿನ ವಿಷಯ ನೀನು ಕೇಳಿಯೇ ಕೇಳುತ್ತೀಯ. ನಮ್ಮ ಊಟದಲ್ಲಿ ನೀರು ಚೊಂಬಿನಲ್ಲಿ ಮಾತ್ರ ಇಲ್ಲ, ತಟ್ಟೆಯಲ್ಲೂ ಇದೆ. ಇಂಗ್ಲಿಷಿನಲ್ಲಿ ಅಚ್ಚಾದ ಡಯಟ್ ಚೀಟಿಗಳಲ್ಲಿ ಇದಕ್ಕೆ ಉತ್ತರ ಸಿಗದೆ ನಾನು ಬಹಳ ಒದ್ದಾಡಿದೆ. ಕೊನೆಗೆ ಕಂಡುಕೊಂಡದ್ದು ಇಷ್ಟು: ತಟ್ಟೆ ಓರೆ ಮಾಡಿದರೆ ಹರಿಯುವಂಥದ್ದನ್ನು ಕುಡಿಯುವ ಲೆಕ್ಕಕ್ಕೆ ಸೇರಿಸು. ಗಟ್ಟಿ ಬೇಳೆ, ಕೂಟು, ಸೊಪ್ಪಿನ ಪಲ್ಯ, ಗಟ್ಟಿ ಮೊಸರು ಊಟಕ್ಕೆ. ತಿಳಿಸಾರು, ಮಜ್ಜಿಗೆ, ಅಂಬಲಿ ಹಗಲಿನ ಬೇರೆ ಹೊತ್ತಿಗೆ. ಸಾರನ್ನು ಬಿಡು ಅಂತ ನಾನು ಹೇಳುತ್ತಿಲ್ಲ. ಸಂಜೆ ಐದಕ್ಕೆ ಲೋಟದಲ್ಲಿ ಬಿಸಿ ತಿಳಿಸಾರು ಕುಡಿಯುತ್ತೇನೆ, ಅದರ ರುಚಿ ಅನ್ನದ ಜೊತೆಗಿಂತ ನನಗೆ ಹೆಚ್ಚು. ಮಜ್ಜಿಗೆ ಬೆಳಿಗ್ಗೆ ಹನ್ನೊಂದಕ್ಕೆ.

ತಟ್ಟೆಯಲ್ಲಿ ಮೊದಲು ಮೊಟ್ಟೆಯೋ ಮೀನೋ ಪನೀರೋ ಬೇಳೆಯೋ ಹೋಗಲಿ, ಆಮೇಲೆ ತರಕಾರಿ, ಅನ್ನ ಕಡೆಗೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಅಂತ ನಿನಗೂ ಹೇಳಿರುತ್ತಾರೆ. ಇಷ್ಟು ಸಣ್ಣ ಜಾಗದಲ್ಲಿ ನೀರು ತುಂಬಿಕೊಂಡರೆ ಮೊಟ್ಟೆಗೆ ಎಡೆಯೆಲ್ಲಿ? ನಾಲ್ಕನೇ ತಿಂಗಳಲ್ಲಿ ನನ್ನ ಕೂದಲು ಹಿಡಿ ಹಿಡಿ ಉದುರಿತು. ತೂಕ ಬೇಗ ಇಳಿದವರಿಗೆ ಅದು ಆಗುವುದುಂಟು, ಪ್ರೋಟೀನ್ ಸಾಲದಿದ್ದರೆ ಇನ್ನೂ ಹೆಚ್ಚು.

ಈ ಕಾಗದ ಓದಿ ನೀರನ್ನೇ ಕಡಿಮೆ ಮಾಡಿಬಿಟ್ಟೀಯ, ಜೋಕೆ. ಅದು ಇನ್ನೂ ಅಪಾಯ. ಈ ಆಪರೇಷನ್ ಆದವರು ಮತ್ತೆ ಆಸ್ಪತ್ರೆ ಸೇರುವ ಸಾಮಾನ್ಯ ಕಾರಣಗಳಲ್ಲಿ ನೀರಿನಂಶ ಕಡಿಮೆಯಾಗುವುದೂ ಒಂದು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಹೋಗಲೇಬೇಕು. ಶಿವರಾತ್ರಿ ಕಳೆದರೆ ಬಿಸಿಲು ಏರುತ್ತದೆ, ಆಗ ಇನ್ನೂ ಸ್ವಲ್ಪ ಹೆಚ್ಚು. ಮೊದಲಿನಂತೆ ಚೊಂಬೆತ್ತಿ ಗಟಗಟನೆ ಕುಡಿಯಲು ಆಗುವುದಿಲ್ಲವಾದ್ದರಿಂದ ಗುಟುಕು ಗುಟುಕಾಗಿ ದಿನವಿಡೀ ಕುಡಿಯುವುದನ್ನು ಕಲಿಯಬೇಕು. ನಾನು ಅರ್ಧ ಲೀಟರಿನ ಬಾಟಲಿಗಳನ್ನು ಲೆಕ್ಕ ಇಟ್ಟುಕೊಂಡಿದ್ದೇನೆ: ಎದ್ದಾಗಿನಿಂದ ತಿಂಡಿಯವರೆಗೆ ಒಂದು, ತಿಂಡಿಗೂ ಊಟಕ್ಕೂ ನಡುವೆ ಒಂದು, ಮಧ್ಯಾಹ್ನದಿಂದ ಸಂಜೆಗೆ ಒಂದು. ಉಳಿದದ್ದು ಸಾರು, ಮಜ್ಜಿಗೆ, ಮಲಗುವ ಮುಂಚಿನ ಹಾಲು. ಮೂತ್ರ ಗಾಢ ಹಳದಿಯಾದರೆ, ಎದ್ದಾಗ ತಲೆ ತಿರುಗಿದರೆ ಅವತ್ತು ಲೆಕ್ಕ ತಪ್ಪಿದೆ ಅಂತ ತಿಳಿ. ವಾಂತಿ ಒಂದು ದಿನ ದಾಟಿಯೂ ನಿಲ್ಲದಿದ್ದರೆ ಮನೆಮದ್ದು ಮಾಡುತ್ತ ಕೂರಬೇಡ, ಡಾಕ್ಟರ ಹತ್ತಿರ ಓಡು. ವಾಂತಿಯಿಂದ ಬಿ1 ಜೀವಸತ್ವ ಕಡಿಮೆಯಾದರೆ ನರಗಳಿಗೆ, ಮಿದುಳಿಗೆ ಪೆಟ್ಟು ಬೀಳುತ್ತದೆ.

ಸೋಡಾ, ಕೋಲಾ ಬೇಡ, ಗಾಳಿ ತುಂಬಿ ನೋಯುತ್ತದೆ. ಕಬ್ಬಿನಹಾಲು ನಮ್ಮ ಜಿಲ್ಲೆಯ ಪ್ರೀತಿ, ಆದರೂ ಬೇಡ. ಕಬ್ಬಿಣದ ಮಾತ್ರೆಯ ಜೊತೆ ಕಾಫಿ ಟೀ ಕುಡಿಯಬೇಡ, ಮಾತ್ರೆ ಮೈಗೆ ಹತ್ತುವುದಿಲ್ಲ. ಮತ್ತೆ, ದೊಡ್ಡವಳಾಗಿ ಇದನ್ನು ಹೇಳಲೇಬೇಕು: ಗೆಳೆಯರ ಜೊತೆ ಶುಕ್ರವಾರ ಕೂರುತ್ತಿದ್ದೆಯಲ್ಲ, ಅದನ್ನು ಬಿಟ್ಟುಬಿಡು. ಈ ಆಪರೇಷನ್ ಆದವರಿಗೆ ಮದ್ಯ ಬಹಳ ಬೇಗ ರಕ್ತಕ್ಕೆ ಏರುತ್ತದೆ, ಒಂದು ಲೋಟ ಸುಮಾರು ಎರಡರಷ್ಟು ಕೆಲಸ ಮಾಡುತ್ತದೆ. ಮೊದಲು ಚಟವಿಲ್ಲದವರೂ ಆಪರೇಷನ್ ಆದ ಎರಡು ಮೂರು ವರ್ಷಕ್ಕೆ ಅದಕ್ಕೆ ಬೀಳುವುದುಂಟು.

ಹೊರಗಿನವರ ಬಲವಂತ ನಿನಗೆ ಕಷ್ಟವಾಗುತ್ತದೆ ಅಂತ ಗೊತ್ತು. ಬೀಗರ ಊಟದಲ್ಲಿ ಎಲೆ ಮುಂದೆ ಕೂತ ತಕ್ಷಣ ಲೋಟಕ್ಕೆ ನೀರು ಸುರಿಯುತ್ತಾರೆ, ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ. ನಾನು ಲೋಟವನ್ನು ಮೊದಲೇ ಬೋರಲು ಹಾಕುತ್ತೇನೆ. ಕೇಳಿದವರಿಗೆ ಡಾಕ್ಟರು ಬೇಡ ಅಂದಿದ್ದಾರೆ ಅನ್ನುತ್ತೇನೆ. ಅಷ್ಟಕ್ಕೇ ಮುಗಿಯುತ್ತದೆ. ಆಪರೇಷನ್ ಕಥೆಯೆಲ್ಲ ಯಾರಿಗೂ ಒಪ್ಪಿಸಬೇಕಾಗಿಲ್ಲ.

ಮನೆಯಲ್ಲೇ ಹೆಚ್ಚು ಕಷ್ಟ. ಅತ್ತಿಗೆ ನಲವತ್ತು ವರ್ಷದಿಂದ ಆ ಚೊಂಬು ಇಡುತ್ತಾ ಬಂದವರು. ಊಟಕ್ಕೆ ಕೂತವರಿಗೆ ನೀರಿಡದಿದ್ದರೆ ಅವರಿಗೆ ತುತ್ತು ಇಳಿಯುವುದಿಲ್ಲ. ನೀನು ಹೇಳಿದರೆ ನೊಂದುಕೊಳ್ಳುತ್ತಾರೆ. ನಾಳೆ ಬೆಳಿಗ್ಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಊಟವಾಗಿ ಅರ್ಧ ಗಂಟೆಗೆ ಸರಿಯಾಗಿ ಅದೇ ಚೊಂಬಿನಲ್ಲಿ ನೀರು ತಂದುಕೊಡಲಿ. ನೀನು ಅವರ ಕೈಯಿಂದಲೇ ಇಸಿದುಕೊಂಡು, ಅವರ ಪಕ್ಕದಲ್ಲೇ ಕೂತು ಗುಟುಕು ಗುಟುಕಾಗಿ ಕುಡಿ.

ಯುಗಾದಿಗೆ ಎರಡು ದಿನ ಮುಂಚೆಯೇ ಬಾ. ನಿನ್ನ ಮಾವ ಎಳನೀರು ಇಳಿಸಿಡುತ್ತೇನೆ ಅಂದಿದ್ದಾರೆ, ಬೆಳಿಗ್ಗೆ ಹತ್ತರ ಹೊತ್ತಿಗೆ ಕುಡಿಯಬಹುದು. ಅಣ್ಣನಿಗೆ ಕೇಳಿದೆನೆಂದು ಹೇಳು.

ನಿನ್ನ ಅತ್ತೆ