ಕಂಪನಿ ಮುಚ್ಚಿದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಲೇ ಇಲ್ಲ. 'ಕಂಪನಿ ಮುಚ್ಚಿದೆ. ನನಗೆ ಯೋಗ್ಯತೆ ಇಲ್ಲ ಅಂತ ಗೊತ್ತಾಯ್ತು, ಬಿಡು' ಅಂದೆ. ಆಗ ಏನು ಹೇಳಬೇಕೋ ತೋಚಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಂಪನಿ ಮುಚ್ಚಿದ್ದು ನಿಜ. ಯೋಗ್ಯತೆಯ ಮಾತನ್ನು ಮಾತ್ರ ನಾನು ಒಪ್ಪೋದಿಲ್ಲ.

ನನಗೆ ಮೊದಲ ಕೆಲಸ ಹೇಗೆ ಸಿಕ್ಕಿತು ಅಂತ ನಿನಗೆ ಪೂರ್ತಿ ಹೇಳಿಯೇ ಇಲ್ಲ. 17 ಕಡೆ 'ತಿಳಿಸುತ್ತೇವೆ' ಅಂತ ಕಳಿಸಿದ್ದರು. ಯಾರೂ ತಿಳಿಸಲಿಲ್ಲ. 18ನೆಯ ಕಡೆ ಸುಮ್ನೆ ಅರ್ಜಿ ಕೊಟ್ಟು ಬರೋಣ ಅಂತ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ಕೂತು, ಮಡಿಸಿ ಮಡಿಸಿ ಅಂಚು ಹರಿದಿದ್ದ ಅಂಕಪಟ್ಟಿಯನ್ನು ಫೈಲಿಗೆ ಸೇರಿಸುತ್ತಿದ್ದೆ. ಒಳಗಿಂದ ಒಬ್ಬರು ಬಂದು ಯಾರದೋ ಹೆಸರು ಕೂಗಿದರು. ಯಾರೂ ಏಳಲಿಲ್ಲ. ಇನ್ನೊಂದು ಸಲ ಕೂಗಿದರು. ಆಮೇಲೆ ನನ್ನ ಕೈಲಿದ್ದ ಫೈಲ್ ನೋಡಿ, 'ನೀವೂ ಕೆಲಸಕ್ಕೇ ಬಂದಿದ್ದಾ? ಬನ್ನಿ ಒಳಗೆ' ಅಂದರು.

ಆ ಹೆಸರಿನವರು ಅವತ್ತು ಬಂದಿದ್ದರೆ ನನ್ನ ದಾರಿಯೇ ಬೇರೆ ಆಗಿರುತ್ತಿತ್ತು. ಅದು ಅದೃಷ್ಟವೇ, ಇಲ್ಲ ಅನ್ನಲಾರೆ. ಆದರೆ 17 ಸಲ ವಾಪಸು ಬಂದಮೇಲೂ ಆ ಬೆಂಚಿನ ಮೇಲೆ ಹೋಗಿ ಕೂತವನು ನಾನೇ. ಅಷ್ಟು ಸಂದರ್ಶನ ಕೊಟ್ಟು ಕೊಟ್ಟು ನಾಲಿಗೆಯೂ ಪಳಗಿತ್ತು.

ಒಂದು ಪ್ರಯೋಗದ ಬಗ್ಗೆ ನಿನಗೆ ಹೇಳಲೇಬೇಕು. ಸಾಲ್ಗನಿಕ್, ಡಾಡ್ಸ್ ಮತ್ತು ವಾಟ್ಸ್ ಅನ್ನುವ ಮೂವರು ಸಂಶೋಧಕರು 2006ರಲ್ಲಿ ಅದನ್ನು ಪ್ರಕಟಿಸಿದರು. ಹೆಸರೇ ಕೇಳಿರದ ತಂಡಗಳ 48 ಹಾಡು, 14 ಸಾವಿರಕ್ಕೂ ಜಾಸ್ತಿ ಕೇಳುಗರು. ಕೇಳುಗರನ್ನು ಬೇರೆ ಬೇರೆ ಗುಂಪು ಮಾಡಿದರು. ತನ್ನ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡರು ಅನ್ನೋದಷ್ಟೇ ಒಬ್ಬೊಬ್ಬರಿಗೆ ಕಾಣುತ್ತಿತ್ತು. ಒಂದೇ ಹಾಡು ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಏರಿತು, ಇನ್ನೊಂದರಲ್ಲಿ 40ನೆಯದಾಗಿ ಬಿತ್ತು! ತುಂಬಾ ಚೆನ್ನಾಗಿದ್ದವು ಪೂರ್ತಿ ನೆಲಕಚ್ಚಿದ್ದು ಕಡಿಮೆ, ತೀರಾ ಕಳಪೆಯವು ಮೇಲೆ ಬಂದದ್ದೂ ಕಡಿಮೆ. ನಡುವೆ ಇದ್ದವುಗಳ ಗತಿ ಮಾತ್ರ ಮೊದಲು ಕೇಳಿದ ನಾಲ್ಕು ಜನರ ಕೈಯಲ್ಲಿತ್ತು. ನಾವೆಲ್ಲ ಹೆಚ್ಚುಕಡಿಮೆ ಆ ನಡುವಿನವರೇ ಅಲ್ವಾ?

ಹಾಗಾದರೆ ಕೈಯಲ್ಲಿ ಏನಿದೆ ಅಂತ ನೀನು ಕೇಳುತ್ತೀಯ. ಒಂದು ಸಣ್ಣ ಲೆಕ್ಕ ಹಾಕು. ಒಂದು ಪ್ರಯತ್ನ ಗೆಲ್ಲುವ ಸಾಧ್ಯತೆ ನೂರಕ್ಕೆ ಬರೀ 5 ಅಂದುಕೋ. 20 ಸಲ ಪ್ರಯತ್ನಿಸಿದರೆ ಒಂದಾದರೂ ಗೆಲ್ಲುವ ಸಾಧ್ಯತೆ ನೂರಕ್ಕೆ 64 ಆಗುತ್ತದೆ. 40 ಸಲಕ್ಕೆ 87. ಆದರೆ ಅದೇ ತಪ್ಪನ್ನೇ 20 ಸಲ ಮಾಡಿದರೆ ಈ ಲೆಕ್ಕ ನಡೆಯೋದಿಲ್ಲ. ಪ್ರತಿ ಸಲ ಏನಾದರೂ ಬದಲಾಗಬೇಕು. ಇನ್ನೊಂದು, 20ನೆಯ ಸಲದವರೆಗೆ ಕೈಯಲ್ಲಿ ದುಡ್ಡೂ ಉಳಿದಿರಬೇಕು, ಮನಸ್ಸೂ ಉಳಿದಿರಬೇಕು.

ನೀನು ಎಡವಿದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ಬೇಜಾರು ಮಾಡಿಕೊಳ್ಳಬೇಡ. ಕೂಡಿಟ್ಟಿದ್ದನ್ನೆಲ್ಲ ಮೊದಲ ಸಲವೇ ಸುರಿದುಬಿಟ್ಟೆ. ಒಂದು ದೊಡ್ಡ ಆರ್ಡರ್ ಕೈತಪ್ಪಿದ ಕೂಡಲೇ ಎಲ್ಲ ಮುಗಿಯಿತು. ಸರಕು ಚೆನ್ನಾಗಿತ್ತು, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ವಿಜ್ಞಾನಿ ಕ್ಯಾಟಲಿನ್ ಕರಿಕೊ ನೆನಪಾಗುತ್ತಾರೆ. ಎಂಆರ್‌ಎನ್‌ಎ (ಯಾವ ಪ್ರೋಟೀನ್ ಮಾಡಬೇಕು ಅಂತ ಜೀವಕೋಶಕ್ಕೆ ತಿಳಿಸುವ ಅಣು) ಸಂಶೋಧನೆಗೆ ಹಣ ಸಿಗದೆ 1995ರಲ್ಲಿ ಅವರನ್ನು ಕೆಳಗಿನ ಹುದ್ದೆಗೆ ಇಳಿಸಿದರು. ಅವರು ಕೆಲಸ ಬಿಡಲಿಲ್ಲ. ಕೆಲವು ವರ್ಷಗಳ ನಂತರ ಜೆರಾಕ್ಸ್ ಯಂತ್ರದ ಹತ್ತಿರ ಇನ್ನೊಬ್ಬ ವಿಜ್ಞಾನಿ ಡ್ರೂ ವೈಸ್‌ಮನ್ ಪರಿಚಯವಾದರು. ಇಬ್ಬರೂ ಸೇರಿ 2005ರಲ್ಲಿ ಕಂಡುಕೊಂಡದ್ದೇ ಮುಂದೆ ಎಂಆರ್‌ಎನ್‌ಎ ಬಳಸುವ ಕೊರೊನಾ ಲಸಿಕೆಗಳಿಗೆ ಆಧಾರವಾಯಿತು. 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಭೇಟಿ ಅದೃಷ್ಟ ಇರಬಹುದು. ಆದರೆ ಹೇಳಿಕೊಳ್ಳಲು ಅವರ ಹತ್ತಿರ ಅಷ್ಟು ವರ್ಷದ ಕೆಲಸವಿತ್ತು.

ಈಗಲೇ ಏನೂ ಶುರು ಮಾಡಬೇಡ. ಮೊದಲು ನಾಲ್ಕು ದಿನ ಚೆನ್ನಾಗಿ ನಿದ್ದೆ ಮಾಡು. ಒಂದು ಕೆಲಸಕ್ಕೆ ಸೇರಿ ಸ್ವಲ್ಪ ದುಡ್ಡು ಕೂಡಿಸಿಕೊಂಡರೂ ತಪ್ಪೇನಿಲ್ಲ, ಅದನ್ನು ಸೋಲು ಅಂತ ನಾನಂತೂ ಕರೆಯೋದಿಲ್ಲ.

ಶನಿವಾರ ಸಂಜೆ ಬಿಡುವು ಮಾಡಿಕೊಂಡಿದ್ದೇನೆ. ಹಳೆಯ ಗಿರಾಕಿಗಳ ಪಟ್ಟಿ ತೆಗೆದಿಟ್ಟುಕೊಂಡು ಫೋನ್ ಮಾಡು. ಅದರಲ್ಲಿ ಎರಡನೆಯ ಸಲವೂ ಬಂದು ಕೊಂಡವರು ಯಾರು ಯಾರು ಅಂತ ಗುರುತು ಹಾಕಿಡು. ಅವರಿಂದಲೇ ಮಾತು ಶುರು ಮಾಡೋಣ.

ನಿನ್ನ ಗೆಳೆಯ