ವೇಗದ ಓಟಗಾರನ ಕೈಗೆ ಚೆಂಡು ಕೊಡಿ

ಮಾನ್ಯ ಸಂಪಾದಕರೇ,

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ತಂಡದ ಅತಿ ವೇಗದ ಆಟಗಾರನನ್ನು ಅಂಚಿನಲ್ಲಿ ನಿಲ್ಲಿಸಿ, ಉದ್ದನೆಯ ಎಸೆತ ಬಂದರೆ ಬರಲಿ ಎಂದು ನೇರವಾಗಿ ಓಡಿಸುವ ರೂಢಿಯನ್ನು ಕಂಡಾಗಲೆಲ್ಲ, ಮಗನ ಓದಿನ ನೆಪದಲ್ಲಿ ಈ ಆಟದ ಹುಚ್ಚು ಹತ್ತಿಸಿಕೊಂಡ ನನಗೆ 2012ರ ನವೆಂಬರ್ 17ರ ಪಂದ್ಯ ನೆನಪಾಗುತ್ತದೆ. ಅಲ್ಲಿಯವರೆಗೆ ಮುಖ್ಯವಾಗಿ ಎಸೆತ ಹಿಡಿಯುತ್ತಿದ್ದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಟಾವೊನ್ ಆಸ್ಟಿನ್‌ನನ್ನು ತರಬೇತುದಾರ ಡೇನಾ ಹೋಲ್ಗರ್ಸನ್ ಅಂದು ಒಕ್ಲಹೋಮಾ ವಿರುದ್ಧ ಕ್ವಾರ್ಟರ್‌ಬ್ಯಾಕ್‌ನ (ಚೆಂಡನ್ನು ಎಸೆದು ದಾಳಿ ನಡೆಸುವ ಆಟಗಾರನ) ಪಕ್ಕದಲ್ಲೇ ನಿಲ್ಲಿಸಿದರು. ಆಸ್ಟಿನ್‌ನ ಎತ್ತರ ಬರೀ 5 ಅಡಿ 8 ಅಂಗುಲ. ಚೆಂಡನ್ನು ಎಸೆಯದೆ ಕೈಗೇ ಕೊಟ್ಟಾಗ ಆತ 21 ಓಟಗಳಲ್ಲಿ 344 ಗಜ ಕ್ರಮಿಸಿದ. ಹಿಡಿದ ಎಸೆತ, ಎದುರಾಳಿ ಒದ್ದ ಚೆಂಡನ್ನು ಹಿಡಿದು ಮರಳಿ ಓಡಿದ್ದೂ ಸೇರಿ ಒಟ್ಟು 572 ಗಜ. ಪಂದ್ಯವನ್ನು ಮಾತ್ರ ತಂಡ 49-50ರಿಂದ ಸೋತಿತು, ಅದು ರಕ್ಷಣಾ ಪಡೆಯ ಪಾಪ.

ಪ್ರತಿ ಓಟದಲ್ಲೂ ದಢೂತಿ ಆಟಗಾರರ ಡಿಕ್ಕಿ ತಿನ್ನುವ ಸಣ್ಣ ಮೈಯವನನ್ನು ಋತುವಿಡೀ ಹೀಗೆ ದುಡಿಸಲಾಗದು, ನಿಜ. ಆದರೆ ಪಂದ್ಯಕ್ಕೆ ಹತ್ತು ಹನ್ನೆರಡು ಬಾರಿಯಾದರೂ ಚೆಂಡು ಅವನ ಕೈಸೇರುವಂತೆ ಯೋಜಿಸಿ, ಉಳಿದಾಗ ಚೆಂಡಿಲ್ಲದೆಯೇ ಅಡ್ಡಲಾಗಿ ಓಡಿಸಿದರೆ, ಎದುರಾಳಿಗಳ ಕಣ್ಣು ಅವನ ಹಿಂದೆಯೇ ಹೋಗಿ ಇತರರಿಗೆ ದಾರಿ ತೆರೆದುಕೊಳ್ಳುತ್ತದೆ.

– ಓರ್ವ ಓದುಗ, ಮೈಸೂರು